ಅತ್ತೆಯ ಜೀಪಿಗೆ ತೆಳು ಎಣ್ಣೆ

ಸೆಪ್ಟೆಂಬರ್ 8, ಸೋಮವಾರ

ಅತ್ತೆಯವರ ಶುಶ್ರೂಷೆಯ ನಿಮಿತ್ತ ಇಂದು ಇಲ್ಲಿಗೆ ಆಗಮಿಸಿದೆ. ಹೀಗೆ ಬರೆದಾಗ ಎಷ್ಟು ಘನವಾಗಿ ಕಾಣುತ್ತದೆ! ನಿಜ ಸಂಗತಿ ಬೇರೆ. ಈ ವರ್ಷ ನಮ್ಮ ಕಾಲೇಜಿನಲ್ಲಿ ಭೌತಶಾಸ್ತ್ರ ಬೇಕೆಂದು ಒಬ್ಬನೇ ಒಬ್ಬ ವಿದ್ಯಾರ್ಥಿಯೂ ಅರ್ಜಿ ಹಾಕಲಿಲ್ಲ. ಪ್ರಾಂಶುಪಾಲರು ಕರೆದು, ‘ಆಡಳಿತ ಮಂಡಳಿ ಏನಾದ್ರೂ ತೀರ್ಮಾನ ಮಾಡೋವರೆಗೂ ಸ್ವಲ್ಪ ವಿಶ್ರಾಂತಿ ತಗೊಳ್ಳಿ’ ಎಂದರು. ನಾನು ಎಲ್ಲರಿಗೂ ‘ಅಧ್ಯಯನ ರಜೆ’ ಎಂದು ಹೇಳಿಕೊಂಡು ಮನೆಯಲ್ಲಿ ಕುಳಿತೆ. ಎರಡು ತಿಂಗಳು ನಾನು ಅಧ್ಯಯನ ಮಾಡಿದ್ದು ಹೆಂಡತಿಯ ದಿನಚರಿಯಲ್ಲಿದ್ದ ದೋಷಗಳನ್ನು. ಹಾಲಿನ ಪಾತ್ರೆಯ ಕೆಳಗೆ ಉರಿ ಎಷ್ಟಿರಬೇಕು, ಬಾಗಿಲ ಚಿಲಕ ಎಷ್ಟು ಬಲದಿಂದ ಹಾಕಬೇಕು ಎಂದೆಲ್ಲ ವಿವರಿಸಿದೆ. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ನನ್ನದನ್ನು ಎಂದೋ ಪರೀಕ್ಷೆ ಮಾಡಿ ಮುಗಿಸಿದ್ದಾಳೆ.

ಹೋದ ವಾರ ಅವಳ ಅಮ್ಮ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು.

‘ನನಗೆ ರಜೆ ಸಿಗಲ್ಲ. ನಿಮಗಂತೂ ಇದೆಯಲ್ಲ’ ಎಂದಳು. ನಾನು ಉತ್ತರ ಹುಡುಕುವಷ್ಟರಲ್ಲಿ ನನ್ನ ಬ್ಯಾಗು ತುಂಬಿ ಬಾಗಿಲ ಹತ್ತಿರ ನಿಂತಿತ್ತು.

ಅತ್ತೆಯವರಿಗೆ ಅರವತ್ತೊಂಬತ್ತು, ಮಾವ ತೀರಿಕೊಂಡ ಮೇಲೆ ಒಬ್ಬರೇ ಇದ್ದಾರೆ. ಊರಂಚಿನಲ್ಲಿ ಸಣ್ಣದೊಂದು ಬಾಡಿಗೆ ಮನೆ, ಹಿತ್ತಿಲಲ್ಲಿ ಸಾಲಾಗಿ ಹದಿನಾಲ್ಕು ಜೇನುಪೆಟ್ಟಿಗೆ, ತಗಡಿನ ಶೆಡ್ಡಿನಲ್ಲಿ ಇಪ್ಪತ್ತೇಳು ವರ್ಷದ ಹಸಿರು ಜೀಪು. ಜೇನು ಸಾಕುವುದು ಅವರ ಕಸುಬು. ಬಿದ್ದದ್ದೂ ಮರದ ಕೊಂಬೆಗೆ ಕೂತ ಹುಳುಗಳನ್ನು ಹಿಡಿಯಲು ಹೋಗಿಯೇ.

‘ಬನ್ನಿ ಅಳಿಯಂದ್ರೇ, ಪ್ರಯಾಣ ಸುಖವಾಗಿತ್ತಾ?’ ಎಂದು ಬಾಗಿಲಲ್ಲಿ ನಿಂತು ಕೇಳಿದರು. ಇಪ್ಪತ್ತೈದು ವರ್ಷದಲ್ಲಿ ನಮ್ಮಿಬ್ಬರ ನಡುವೆ ನಡೆದ ಅತಿ ದೀರ್ಘ ಸಂಭಾಷಣೆ ಅದೇ ಇರಬೇಕು.

ಶುಶ್ರೂಷೆಯ ಆರಂಭವಾಗಿ ಚಹಾ ಮಾಡಲು ಹೋದೆ. ಸಕ್ಕರೆ ಡಬ್ಬಿ ಸಿಗಲಿಲ್ಲ. ಕೊನೆಗೆ ಅವರೇ ಎಡಗೈಯಲ್ಲಿ ಮಾಡಿ ನನಗೊಂದು ಲೋಟ ತಂದುಕೊಟ್ಟರು.

ಸೆಪ್ಟೆಂಬರ್ 9, ಮಂಗಳವಾರ

ನನ್ನನ್ನು ಕರೆಸಿಕೊಂಡದ್ದು ಗಂಜಿ ಕಾಯಿಸಿ ಕೊಡಲಿಕ್ಕಲ್ಲ ಎಂದು ಈಗ ಗೊತ್ತಾಯಿತು. ಗುಡ್ಡದ ಆಚೆ ಸೂರ್ಯಕಾಂತಿ ಹೊಲಗಳು ಹೂಬಿಟ್ಟಿವೆ. ಪ್ರತಿವರ್ಷ ಅತ್ತೆಯವರು ಪೆಟ್ಟಿಗೆಗಳನ್ನು ಜೀಪಿನಲ್ಲಿ ಹೇರಿಕೊಂಡು ಅಲ್ಲಿಗೆ ಒಯ್ದು ಇಡುತ್ತಾರೆ. ಹೊಲದವನಿಗೆ ಕಾಳು ಚೆನ್ನಾಗಿ ಕಟ್ಟುತ್ತದೆ, ಇವರಿಗೆ ವರ್ಷದ ಅರ್ಧ ಜೇನು ಅಲ್ಲಿಂದಲೇ. ಹೂವು ಮೂರು ವಾರ ನಿಂತರೆ ಹೆಚ್ಚು. ಹೊಲ ಮುಟ್ಟುವ ಕೊನೆಯ ದಾರಿಯೆಲ್ಲ ಕೆಸರು. ನಾಲ್ಕೂ ಚಕ್ರ ಎಳೆಯುವ ಗಾಡಿಯೇ ಬೇಕು. ಸೋಮವಾರ ಬೆಳಗಿನ ಜಾವ ಹೊರಡಬೇಕು, ಜೀಪು ನಾನು ಓಡಿಸಬೇಕು. ಅದಕ್ಕೂ ಮೊದಲು ಇಂಜಿನ್ ಎಣ್ಣೆ ಬದಲಾಯಿಸಬೇಕು.

‘ಮೆಕ್ಯಾನಿಕ್ ಹತ್ರ ಕೊಡಬಹುದಲ್ಲ?’ ಎಂದೆ.

‘ಅವನು ನಟ್ಟು ಬಿಗಿ ಮಾಡೋದು ಯಾರ ಮೇಲೋ ಇರೋ ಸಿಟ್ಟು ತೀರಿಸ್ಕೊಳ್ಳೋಕೆ. ಒಂದ್ಸಲ ಥ್ರೆಡ್ಡೇ ಹಾಳು ಮಾಡಿದ. ಆಮೇಲಿಂದ ನಾನೇ ಮಾಡ್ತೀನಿ. ಈ ಸಲ ನೀವು ಮಾಡಿ. ನಾನು ಪಕ್ಕದಲ್ಲಿ ಕೂತಿರ್ತೀನಿ.’

ಎಣ್ಣೆ ಎಂದರೆ ನನ್ನ ಕ್ಷೇತ್ರ. ದ್ರವಗಳ ಸ್ನಿಗ್ಧತೆ ಎಂಬ ಅಧ್ಯಾಯವನ್ನು ಇಪ್ಪತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಎರಡು ತಿಂಗಳಿಂದ ತರಗತಿಯಿಲ್ಲದೆ ಕಟ್ಟಿಕೊಂಡಿದ್ದ ಬಾಯಿ ಬಿಚ್ಚಿತು. ಡಬ್ಬದ ಮೇಲಿನ ಮೊದಲ ಅಂಕಿ ಚಳಿಯಲ್ಲಿ ಎಣ್ಣೆ ಎಷ್ಟು ಸಲೀಸಾಗಿ ಹರಿಯುತ್ತದೆ ಎನ್ನುವುದಕ್ಕೆ, ಎರಡನೆಯದು ಬಿಸಿಯಾದಾಗ ಎಷ್ಟು ಮಂದವಾಗಿ ಉಳಿಯುತ್ತದೆ ಎನ್ನುವುದಕ್ಕೆ, ಅಂಕಿ ಸಣ್ಣದಾದಷ್ಟೂ ಎಣ್ಣೆ ತೆಳು ಎಂದು ಹೇಳಿದೆ. ಇಂಜಿನ್ ಸವೆಯುವುದು ಬೆಳಿಗ್ಗೆ ಚಾಲೂ ಮಾಡಿದ ಮೊದಲ ಕ್ಷಣಗಳಲ್ಲೇ, ಆದ್ದರಿಂದ ತೆಳು ಎಣ್ಣೆಯೇ ಶ್ರೇಷ್ಠ ಎಂದು ನಿರೂಪಿಸಿದೆ. ನಲವತ್ತು ನಿಮಿಷ. ಅತ್ತೆಯವರು ಎಡಗೈಯಲ್ಲಿ ಜೇನಿನ ಚೌಕಟ್ಟುಗಳನ್ನು ಒರೆಸುತ್ತಾ ಕೇಳಿದರು. ಬ್ಲ್ಯಾಕ್‌ಬೋರ್ಡ್ ಇಲ್ಲದ್ದರಿಂದ ಜೀಪಿನ ಬಾಗಿಲ ಧೂಳಿನ ಮೇಲೆ ನಕ್ಷೆ ಬರೆದೆ.

‘ಚೆನ್ನಾಗಿ ಹೇಳ್ತೀರ’ ಎಂದರು ಕೊನೆಗೆ. ‘ಟ್ವೆಂಟಿ-ಫಾರ್ಟಿ ತನ್ನಿ. ಆರು ಲೀಟರ್. ಗಾಡಿ ಪುಸ್ತಕದಲ್ಲಿ ಅದೇ ಇದೆ.’

ಇಪ್ಪತ್ತೇಳು ವರ್ಷದ ಹಿಂದಿನ ಪುಸ್ತಕ! ವಿಜ್ಞಾನ ಮುಂದೆ ಹೋಗಿರುವುದು ಇವರಿಗೆ ಹೇಗೆ ತಿಳಿಯಬೇಕು?

ಸೆಪ್ಟೆಂಬರ್ 11, ಗುರುವಾರ

ಎಣ್ಣೆ ಅಂಗಡಿ ಬಸ್ ನಿಲ್ದಾಣದ ಹಿಂದಿದೆ. ಒಳಗೆ ಡಬ್ಬಗಳು, ಬೆಲ್ಟುಗಳು, ಟ್ಯೂಬುಗಳು. ಗಲ್ಲಾದ ಹಿಂದೆ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಅಂಗಡಿಯಾತ. ನಾನು ಕಪಾಟಿನ ತುದಿಯಲ್ಲಿದ್ದ ಹೊಳೆಯುವ ಡಬ್ಬ ತೋರಿಸಿ ‘ಫೈವ್-ಥರ್ಟಿ, ಪೂರ್ತಿ ಸಿಂಥೆಟಿಕ್, ಅದು ಕೊಡಿ’ ಎಂದೆ.

‘ಯಾವ ಗಾಡಿ ಸಾರ್?’

ಹೇಳಿದೆ.

‘ಆ ಜೇನಮ್ಮನ ಜೀಪಾ? ಅದಕ್ಕಿದು ಬೇಡ ಸಾರ್. ಹಳೇ ಇಂಜಿನ್, ಒಳಗೆಲ್ಲ ಸವೆದು ಸಂದು ದೊಡ್ಡದಾಗಿರುತ್ತೆ. ಈ ತೆಳು ಎಣ್ಣೆ ನಿಲ್ಲಲ್ಲ.’

ನಾನು ಆತನಿಗೂ ಸ್ನಿಗ್ಧತೆಯ ಅಧ್ಯಾಯವನ್ನು ಸಂಕ್ಷಿಪ್ತವಾಗಿ ಹೇಳಿದೆ. ಹಿಂದೆ ಎರಡು ಗಿರಾಕಿಗಳು ಬಂದು ನಿಂತರು. ಆತ ಕನ್ನಡಕ ತೆಗೆದು ಒರೆಸಿದ.

‘ಕಾಲೇಜ್ ಮೇಷ್ಟ್ರಾ?’

‘ಹೌದು. ಹೇಗೆ ಗೊತ್ತಾಯ್ತು?’

‘ಕೇಳದೆ ಇದ್ರೂ ಹೇಳ್ತಿದೀರಲ್ಲ, ಅದಕ್ಕೆ.’

ಹಿಂದಿದ್ದವರು ನಕ್ಕರು. ಅವರಿಗೆ ವಿಷಯ ಅರ್ಥವಾಗಿರಲಾರದು. ಫೈವ್-ಥರ್ಟಿಯನ್ನೇ ತಂದೆ. ಅತ್ತೆಯವರಿಗೆ ಸಾವಕಾಶವಾಗಿ ವಿವರಿಸಿದರಾಯಿತು ಎಂದು ಡಬ್ಬಗಳನ್ನು ಸದ್ಯಕ್ಕೆ ನನ್ನ ಮಂಚದ ಕೆಳಗೆ ಇಟ್ಟಿದ್ದೇನೆ.

ಸೆಪ್ಟೆಂಬರ್ 12, ಶುಕ್ರವಾರ

ಕೆಲಸ ಆಯಿತು. ನನ್ನ ಘನತೆಯ ಬಗ್ಗೆ ಏನೂ ಬರೆಯದಿರುವುದು ಒಳ್ಳೆಯದು, ಆದರೂ ಬರೆಯುತ್ತೇನೆ. ಇದನ್ನು ಓದುವವನು ನಾನೊಬ್ಬನೇ, ಅವನು ಎಲ್ಲವನ್ನೂ ನೋಡಿದ್ದಾನೆ.

ಎಣ್ಣೆ ಸಲೀಸಾಗಿ ಇಳಿಯಲೆಂದು ಹತ್ತು ನಿಮಿಷ ಇಂಜಿನ್ ಚಾಲೂ ಇಟ್ಟು, ಆಮೇಲೆ ಕೆಳಗೆ ಗೋಣಿ ಹಾಸಿ ಮಲಗಿದೆ. ಅತ್ತೆಯವರು ಪಕ್ಕದಲ್ಲಿ ಸ್ಟೂಲಿನ ಮೇಲೆ, ಕೊರಳಿಗೆ ಕಟ್ಟಿದ ಪ್ಲಾಸ್ಟರ್ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತರು. ನನಗೆ ಕಾಣುತ್ತಿದ್ದದ್ದು ಅವರ ಚಪ್ಪಲಿ ಮಾತ್ರ.

‘ಅಡಿಯಲ್ಲಿ ದೊಡ್ಡ ನಟ್ಟು ಕಾಣ್ತಿದೆಯಾ? ಎಡಕ್ಕೆ ತಿರುಗಿಸಿ.’

ಎಡಕ್ಕೆ ಎಂದರೆ ಗಡಿಯಾರದ ವಿರುದ್ಧ ದಿಕ್ಕು. ಆದರೆ ಮಲಗಿ ನೋಡುವವನು ಗಡಿಯಾರವನ್ನು ಮೇಲಿನಿಂದ ನೋಡುತ್ತಿದ್ದಾನೋ ಕೆಳಗಿನಿಂದಲೋ ಎಂದು ಲೆಕ್ಕ ಹಾಕಿದೆ. ತಪ್ಪಾಗಿ ಹಾಕಿದೆ. ಐದು ನಿಮಿಷ ಅದನ್ನು ಇನ್ನಷ್ಟು ಬಿಗಿ ಮಾಡಿದೆ.

‘ಬರ್ತಿದೆಯಾ?’

‘ಸ್ವಲ್ಪ ಹಟ ಮಾಡ್ತಿದೆ.’

‘ನೀವು ಬಲಕ್ಕೆ ತಿರುಗಿಸ್ತಿದೀರ ಅಳಿಯಂದ್ರೇ. ಸ್ಪ್ಯಾನರ್ ಸದ್ದಲ್ಲೇ ಗೊತ್ತಾಗುತ್ತೆ.’

ಕೊನೆಗೆ ನಟ್ಟು ಬಿಟ್ಟಿತು. ಬಿಟ್ಟಿತು ಎಂದರೆ ಬೆರಳಿನಿಂದ ಜಾರಿ, ಎಣ್ಣೆ ಹಿಡಿಯಲು ಇಟ್ಟಿದ್ದ ತಟ್ಟೆಗೆ ಬಿತ್ತು. ಕಪ್ಪನೆಯ ಬಿಸಿ ಎಣ್ಣೆ ಮೊದಲು ನನ್ನ ಅಂಗೈಗೆ, ಅಲ್ಲಿಂದ ತೋಳಿನೊಳಗೆ, ಅಲ್ಲಿಂದ ಕಂಕುಳಿಗೆ ಹರಿಯಿತು. ಬಿಸಿಯಾದ ದ್ರವ ಎಷ್ಟು ವೇಗವಾಗಿ ಹರಿಯುತ್ತದೆ ಎಂಬುದಕ್ಕೆ ನಾನೇ ಪ್ರಯೋಗಶಾಲೆಯಾದೆ. ಕೂಗಿಕೊಂಡು ಎದ್ದಾಗ ತಲೆ ಆಕ್ಸಲ್ಲಿಗೆ ಬಡಿಯಿತು.

ಹೊಸ ಫಿಲ್ಟರ್ ಹಾಕಿ ನಟ್ಟು ಬಿಗಿದು ಹೊರಬರುವ ಹೊತ್ತಿಗೆ ಹೊಲದವನ ಫೋನ್ ಬಂತು. ಅತ್ತೆಯವರು ಒಳಗೆ ಹೋದರು. ನಾನು ಓಡಿ ಮಂಚದ ಕೆಳಗಿನ ಡಬ್ಬಗಳನ್ನು ತಂದು ಸುರಿಯಲಾರಂಭಿಸಿದೆ. ಜೇನಿನಂಥ ಬಣ್ಣ. ಸುರಿದು ಮುಗಿಸಿ, ಖಾಲಿ ಡಬ್ಬಗಳನ್ನು ಮತ್ತೆ ಮಂಚದ ಕೆಳಗೆ ತಳ್ಳಿ ಬಂದಾಗ ಅವರು ಶೆಡ್ಡಿನ ಬಾಗಿಲಲ್ಲಿದ್ದರು.

‘ಟ್ವೆಂಟಿ-ಫಾರ್ಟಿ ತಾನೆ?’

ಈಗ ವಿವರಿಸಬಹುದಾಗಿತ್ತು. ವಿವರಿಸುವುದೇ ನನ್ನ ವೃತ್ತಿ. ಆದರೆ ಕಿವಿಯಿಂದ ಎಣ್ಣೆ ತೊಟ್ಟಿಕ್ಕುತ್ತಿದ್ದವನಿಗೆ ವಾದ ಮಾಡುವ ಸ್ಥೈರ್ಯ ಇರಲಿಲ್ಲ.

‘ಹೌದು ಅತ್ತೆ’ ಎಂದೆ.

ಸೆಪ್ಟೆಂಬರ್ 13, ಶನಿವಾರ

ಜೀಪನ್ನು ಬೀದಿಯ ಕೊನೆಯವರೆಗೆ ಓಡಿಸಿ ತಂದೆ. ಬೆಣ್ಣೆಯಂತೆ ಚಾಲೂ ಆಯಿತು. ‘ಇಷ್ಟು ಹಗುರಾಗಿ ಯಾವತ್ತೂ ಸ್ಟಾರ್ಟ್ ಆಗಿರಲಿಲ್ಲ’ ಎಂದರು ಅತ್ತೆಯವರು. ವಿಜ್ಞಾನ ಗೆದ್ದಿತು. ಹೇಳಿಕೊಳ್ಳಲಾಗದ ಗೆಲುವು, ಆದರೂ ಗೆಲುವೇ.

ಸೆಪ್ಟೆಂಬರ್ 15, ಸೋಮವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ಇನ್ನೂ ಕಷ್ಟ.

ಬೆಳಕು ಹರಿಯುವ ಮೊದಲೇ ಪೆಟ್ಟಿಗೆಗಳ ಬಾಗಿಲಿಗೆ ಜಾಲರಿ ಹಾಕಿ, ಪಕ್ಕದ ಮನೆಯ ಬಡಗಿಯ ಸಹಾಯದಿಂದ ಹದಿನಾಲ್ಕನ್ನೂ ಜೀಪಿಗೆ ಹೇರಿದೆವು. ಗುಡ್ಡದ ಬುಡದವರೆಗೆ ಎಲ್ಲ ಚೆನ್ನಾಗಿತ್ತು. ಏರು ಶುರುವಾಗಿ ಅರ್ಧ ಗಂಟೆಯಾಗಿರಬೇಕು. ತಿರುವಿನಲ್ಲಿ ನಿಧಾನ ಮಾಡಿದಾಗ ಮುಂದಿನ ಹಲಗೆಯಲ್ಲಿ ಕೆಂಪು ದೀಪವೊಂದು ಮಿಟುಕಿತು. ನಾನು ನೋಡಲೇ ಇಲ್ಲ. ಅತ್ತೆಯವರು ನೋಡಿದರು.

‘ನಿಲ್ಸಿ. ಆಫ್ ಮಾಡಿ. ಎಣ್ಣೆ ಒತ್ತಡದ ದೀಪ ಅದು.’

ಇಳಿದು ಅಳೆಯುವ ಕಡ್ಡಿ ಎಳೆದು ನೋಡಿದರು. ಎಣ್ಣೆ ಗೆರೆಯ ತನಕ ಇತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದರು. ‘ಬಿಸಿ ಜಾಸ್ತಿಯಾಗಿ ನೀರಾಗಿದೆ’ ಎಂದರು. ಇಪ್ಪತ್ತು ನಿಮಿಷ ಕಾದು ಹೊರಟೆವು. ಮತ್ತೆ ದೀಪ. ಮತ್ತೆ ನಿಂತೆವು. ಮೂರನೆಯ ಸಲ ನಿಂತಾಗ ಬಿಸಿಲು ಜೀಪಿನ ಮೇಲೆ ಪೂರ್ತಿ ಬಿದ್ದಿತ್ತು. ಅಲ್ಲಿ ನೆರಳು ಎನ್ನುವ ವಸ್ತುವೇ ಇರಲಿಲ್ಲ. ಬೆಳಿಗ್ಗೆ ಗುಂಯ್‌ಗುಡುತ್ತಿದ್ದ ಪೆಟ್ಟಿಗೆಗಳು ಈಗ ಭೋರ್ಗರೆಯುತ್ತಿದ್ದವು. ಅತ್ತೆಯವರು ಒಂದೊಂದಕ್ಕೂ ಕಿವಿಯಿಟ್ಟು ನೋಡಿ, ಕುಡಿಯಲು ತಂದಿದ್ದ ನೀರನ್ನು ಗೋಣಿಗೆ ಸುರಿದು ಮೇಲೆ ಹೊದಿಸಿದರು.

‘ಬಾಗಿಲು ತೆಗೆದುಬಿಟ್ರೆ?’ ಎಂದೆ.

‘ರಸ್ತೆ ಮೇಲೆ? ಎಲ್ಲ ಹಾರಿ ಹೋಗುತ್ತೆ. ತಿರುಗಿಸಿ, ಮನೆಗೆ ಹೋಗೋಣ.’

ಇಳಿಜಾರಿನಲ್ಲಿ ಇಂಜಿನ್ನಿಗೆ ಹೆಚ್ಚು ಕೆಲಸ ಕೊಡದೆ ಹೇಗೋ ಇಳಿಸಿ ತಂದೆ. ಹಿತ್ತಿಲಲ್ಲಿ ಒಂದೊಂದೇ ಪೆಟ್ಟಿಗೆಯ ಜಾಲರಿ ತೆಗೆದೆವು. ಹದಿಮೂರರಿಂದ ಹುಳುಗಳು ಹೊರಗೆ ಬಂದವು. ಹದಿನಾಲ್ಕನೆಯದರಿಂದ ಏನೂ ಬರಲಿಲ್ಲ. ಸೀಟಿನ ಹಿಂದೆ, ಜೀಪಿನ ತಳದ ಕಾವು ಬಡಿಯುವ ಜಾಗದಲ್ಲಿ ನಾನೇ ಇಟ್ಟಿದ್ದ ಪೆಟ್ಟಿಗೆ ಅದು. ಮೇಣ ಕರಗಿ ಜೇನಿನ ಎರಿಗಳು ಕುಸಿದಿದ್ದವು. ಹುಳುಗಳೆಲ್ಲ ಜಾಲರಿಗೆ ಒತ್ತಿಕೊಂಡು ಸತ್ತಿದ್ದವು.

ಅತ್ತೆಯವರು ಬಹಳ ಹೊತ್ತು ನೋಡಿದರು. ‘ನನಗೆ ಹಿಂಗಾಗಿದ್ದು ಇದೇ ಮೊದ್ಲು’ ಎಂದರು. ಆಮೇಲೆ ಶೆಡ್ಡಿನ ಕಡೆ ತಿರುಗಿ, ‘ಇಂಜಿನ್ ಮುಗೀತು ಅನ್ಸುತ್ತೆ. ಅದಕ್ಕೂ ವಯಸ್ಸಾಯ್ತು, ನನಗೂ ಆಯ್ತು. ಅಲ್ವಾ ಅಳಿಯಂದ್ರೇ?’ ಎಂದರು.

‘ಇರಬಹುದು’ ಎಂದೆ.

ಸೆಪ್ಟೆಂಬರ್ 16, ಮಂಗಳವಾರ

ಸತ್ತ ಪೆಟ್ಟಿಗೆಯನ್ನು ಕೆರೆದು ತೊಳೆದೆ. ಯಾರೂ ಹೇಳಿರಲಿಲ್ಲ. ಜೇನುಹುಳಕ್ಕೆ ತೂಕವೇ ಇಲ್ಲ. ಆದರೆ ಅಷ್ಟೂ ಸೇರಿದರೆ ಬಕೆಟ್ಟು ಭಾರವಾಗುತ್ತದೆ.

ಅತ್ತೆ ಹಳೇ ಗಾಡಿ ದಲ್ಲಾಳಿಗೆ ಫೋನ್ ಮಾಡಿದರು. ಗುರುವಾರ ಬರುತ್ತಾನಂತೆ. ಗಾಡಿ ಹೋದ ಮೇಲೆ ಪೆಟ್ಟಿಗೆಗಳನ್ನೂ ಯಾರಿಗಾದರೂ ಕೊಟ್ಟುಬಿಡುತ್ತಾರಂತೆ.

ಸೆಪ್ಟೆಂಬರ್ 17, ಬುಧವಾರ

ನಿಜ ಹೇಳಬೇಕು ಎಂದು ಕುಳಿತು ಮಾತುಗಳ ಕರಡು ಮಾಡಿದೆ. ಮೂರು ಕರಡುಗಳಾದವು. ಮೊದಲನೆಯದರಲ್ಲಿ ತಪ್ಪು ಗಾಡಿ ಪುಸ್ತಕದ್ದು, ಏಕೆ ಟ್ವೆಂಟಿ-ಫಾರ್ಟಿ ಎಂದು ಅದು ಕಾರಣ ಕೊಟ್ಟಿಲ್ಲ. ಎರಡನೆಯದರಲ್ಲಿ ತಪ್ಪು ಅಂಗಡಿಯಾತನದು, ಅವನು ಸಾಕಷ್ಟು ಬಲವಾಗಿ ತಡೆಯಲಿಲ್ಲ. ಮೂರನೆಯದರಲ್ಲಿ ತಪ್ಪು ಗುಡ್ಡದ್ದು. ನಾನು ಯಾವ ಕರಡಿನಲ್ಲೂ ಹಾಜರಿರಲಿಲ್ಲ.

ಹೆಂಡತಿ ಫೋನ್ ಮಾಡಿದ್ದಳು.

‘ಅಮ್ಮ ಜೀಪು ಮಾರ್ತೀನಿ ಅಂತಿದಾಳೆ. ಏನಾಯ್ತು?’

‘ವಯಸ್ಸಾಗಿದೆ’ ಎಂದೆ.

‘ಯಾರಿಗೆ?’

ಸಿಗ್ನಲ್ ಸರಿಯಿಲ್ಲ ಎಂದು ಫೋನಿಟ್ಟೆ. ಸಿಗ್ನಲ್ ಬಹಳ ಚೆನ್ನಾಗಿತ್ತು.

ಅತ್ತೆ ಇಡೀ ದಿನ ಹಿತ್ತಿಲಿಗೆ ಹೋಗಲಿಲ್ಲ. ಗಾಡಿ ಪುಸ್ತಕವನ್ನು ತೆಗೆದು, ಎಡಗೈ ಬೆರಳಿಟ್ಟುಕೊಂಡು ಒಂದೊಂದೇ ಸಾಲು ಓದುತ್ತಿದ್ದರು. ‘ಏನು ಹುಡುಕ್ತಿದೀರ?’ ಎಂದೆ. ‘ಏನು ಮರೆತೆ ಅಂತ ನೋಡ್ತಿದೀನಿ’ ಎಂದರು.

ಸೆಪ್ಟೆಂಬರ್ 18, ಗುರುವಾರ

ದಲ್ಲಾಳಿ ಹತ್ತು ಗಂಟೆಗೆ ಬಂದ. ಬೆರಳಲ್ಲಿ ಕೀಲಿ ಗೊಂಚಲು ತಿರುಗಿಸುತ್ತಾ ಜೀಪನ್ನು ಒಂದು ಸುತ್ತು ಹಾಕಿ, ಟಯರಿಗೆ ಒದ್ದ. ಎಲ್ಲ ಗಾಡಿಗಳ ಟಯರಿಗೂ ಒದೆಯುತ್ತಾನೆಂದು ಕಾಣುತ್ತದೆ. ಆಮೇಲೆ ಚಾಲೂ ಮಾಡಿ ಅರ್ಧ ಗಂಟೆ ಬಿಟ್ಟ. ಬಿಸಿಯಾದ ಮೇಲೆ ದೀಪ ಮಿಟುಕಿತು. ಅವನ ಮುಖ ಅರಳಿತು.

‘ಬೇರಿಂಗ್ ಹೋಗಿದೆ ಅಮ್ಮ. ಇಂಜಿನ್ ಪೂರ್ತಿ ಬಿಚ್ಬೇಕು. ಗುಜರಿ ರೇಟಿಗೆ ತಗೋಬೋದು, ಅಷ್ಟೆ.’

ಅತ್ತೆ ಸೆರಗಿನಲ್ಲಿ ಜೀಪಿನ ಕನ್ನಡಿ ಒರೆಸಿದರು. ‘ಬ್ಯಾಟರಿ ಹೊಸದು’ ಎಂದರು. ‘ಸೀಟು ಹೋದ ವರ್ಷ ಹೊಲಿಸಿದ್ದು.’ ಅವನು ಗಡಿಯಾರ ನೋಡಿಕೊಂಡ. ‘ಹಾರ್ನ್ ಚೆನ್ನಾಗಿದೆ’ ಎಂದರು ಅತ್ತೆ. ನಾನು ಇಲ್ಲಿಗೆ ಬಂದಾಗಿನಿಂದ ಅವರು ಯಾರ ಹತ್ತಿರವೂ ಅಷ್ಟು ಸಣ್ಣ ಧ್ವನಿಯಲ್ಲಿ ಮಾತಾಡಿದ್ದನ್ನು ಕೇಳಿರಲಿಲ್ಲ.

‘ಬೇರಿಂಗ್ ಹೋಗಿಲ್ಲ’ ಎಂದು ಯಾರೋ ಹೇಳಿದರು. ನಾನೇ.

ದಲ್ಲಾಳಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. ‘ನಿಮಗೆ ಗೊತ್ತಾ ಸಾರ್?’

‘ಗೊತ್ತು. ಹೋಗಿರೋದು ನನ್ನ ಬುದ್ಧಿ.’

ಒಳಗೆ ಹೋಗಿ ಮಂಚದ ಕೆಳಗಿದ್ದ ಖಾಲಿ ಡಬ್ಬಗಳನ್ನು ತಂದು ಜೀಪಿನ ಬಾನೆಟ್ ಮೇಲೆ ಸಾಲಾಗಿ ಇಟ್ಟೆ. ಮೂರೂ ಕರಡುಗಳು ಮರೆತುಹೋಗಿದ್ದವು. ‘ಅತ್ತೆ, ನೀವು ಹೇಳಿದ ಎಣ್ಣೆ ನಾನು ಹಾಕಲಿಲ್ಲ. ಇದು ಹಾಕಿದೆ. ಅಂಗಡಿಯವರೂ ಬೇಡ ಅಂದಿದ್ರು. ನೀವು ಕೇಳಿದಾಗ ಸುಳ್ಳು ಹೇಳಿದೆ. ಗಾಡಿಗೂ ಏನೂ ಆಗಿಲ್ಲ, ನಿಮಗೂ ಏನೂ ಆಗಿಲ್ಲ. ಆ ಪೆಟ್ಟಿಗೆ ಸತ್ತಿದ್ದು ನನ್ನಿಂದ.’

ದಲ್ಲಾಳಿ ಒಂದು ಡಬ್ಬ ಎತ್ತಿ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕ. ‘ಈ ಮುದುಕನಿಗೆ ಫೈವ್-ಥರ್ಟಿನಾ? ಇದರ ಬದಲು ಬಾವಿ ನೀರು ಹಾಕ್ಬೋದಿತ್ತಲ್ಲ ಸಾರ್!’

‘ನೀವು ಹೋಗ್ಬನ್ನಿ’ ಎಂದರು ಅತ್ತೆ ಅವನಿಗೆ. ಅವನ ಬೈಕಿನ ಸದ್ದು ಬೀದಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

‘ಟ್ವೆಂಟಿ-ಫಾರ್ಟಿ ತಾನೆ ಅಂತ ಕೇಳಿದ್ನಲ್ಲ ನಾನು.’

‘ಕೇಳಿದ್ರಿ.’

‘ಹೌದು ಅಂದೆ ನೀನು.’

‘ಅಂದೆ.’

‘ಮೂರು ದಿನದಿಂದ ನನ್ನ ತಲೆನೇ ಕೆಟ್ಟಿದೆ ಅಂದ್ಕೊಂಡಿದ್ದೆ ಕಣೋ. ನಟ್ಟು ಹೇಳ್ಕೊಡೋದ್ರಲ್ಲಿ ಏನೋ ಬಿಟ್ಟೆ, ಇನ್ನು ನನ್ನ ಕೈಲಿ ಏನೂ ಆಗಲ್ಲ ಅಂತ. ಪುಸ್ತಕ ಇಟ್ಕೊಂಡು ಕೂತಿದ್ದನ್ನ ನೋಡಿದೆಯಲ್ಲ ನೀನು? ನೋಡ್ಕೊಂಡು ಸುಮ್ನಿದ್ದೆ?’

ಅವರು ಒಳಗೆ ಹೋದರು. ಮಧ್ಯಾಹ್ನ ನನ್ನ ತಟ್ಟೆಗೆ ಊಟ ಬಡಿಸಿ ಮುಚ್ಚಿಟ್ಟಿದ್ದರು.

ಸೆಪ್ಟೆಂಬರ್ 19, ಶುಕ್ರವಾರ

ಬೆಳಿಗ್ಗೆ ಬ್ಯಾಗು ತುಂಬಿಕೊಂಡು ಹೊರಗೆ ಬಂದೆ. ಅತ್ತೆ ಮೆಟ್ಟಿಲ ಮೇಲೆ ಕೂತಿದ್ದರು.

‘ಎಲ್ಲಿಗೆ?’

‘ಮನೆಗೆ. ನನ್ನಿಂದ ನಿಮಗೆ ಸಹಾಯ ಆಗ್ತಿಲ್ಲ...’

‘ಮತ್ತೆ ಗಾಡಿ ಕೆಳಗೆ ನಾನು ನುಗ್ಗಲಾ, ಈ ಕೈ ಇಟ್ಕೊಂಡು? ಬ್ಯಾಗ್ ಒಳಗಿಡು. ಅಂಗಡಿ ಒಂಬತ್ತಕ್ಕೆ ತೆಗೀತಾನೆ.’

ಎಣ್ಣೆ ಅಂಗಡಿಯಾತ ನನ್ನನ್ನು ನೋಡಿದ ಕೂಡಲೇ ಟ್ವೆಂಟಿ-ಫಾರ್ಟಿ ಡಬ್ಬಗಳನ್ನು ಗಲ್ಲಾದ ಮೇಲೆ ಇಟ್ಟ. ದಲ್ಲಾಳಿ ಊರಿಗೆಲ್ಲ ಹೇಳಿದ್ದಾನೆ.

‘ಇವತ್ತು ಪಾಠ ಇಲ್ವಾ ಸಾರ್?’

‘ಇಲ್ಲ. ನೀವೇ ಹೇಳಿ.’

ಆತ ನಿಜವಾಗಿಯೂ ಹೇಳಿದ. ಹಳೆಯ ಬೇರಿಂಗೊಂದನ್ನು ಡ್ರಾಯರಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟು, ಎಲ್ಲಿ ಸವೆಯುತ್ತದೆ, ಆ ಸಂದಿನಲ್ಲಿ ಮಂದ ಎಣ್ಣೆ ಹೇಗೆ ಪದರ ಕಟ್ಟಿ ನಿಲ್ಲುತ್ತದೆ, ತೆಳುವಾದದ್ದು ಹೇಗೆ ಜಾರಿಹೋಗಿ ಒತ್ತಡ ಬೀಳುತ್ತದೆ ಎಂದು ಉಗುರಿನಿಂದ ಗೀರಿ ತೋರಿಸಿದ. ನನ್ನ ಪಠ್ಯಪುಸ್ತಕದ ಕೊಳವೆಗಳು ಯಾವತ್ತೂ ಸವೆದಿರಲಿಲ್ಲ. ಇನ್ನೂ ಎರಡು ಪ್ರಶ್ನೆ ಕೇಳಿದೆ. ಹಿಂದೆ ನಿಂತಿದ್ದ ಗಿರಾಕಿ ‘ಬೇಗ ಮುಗಿಸಿ ಸ್ವಾಮಿ’ ಎಂದು ಗೊಣಗಿದ. ಎರಡು ವಾರದಲ್ಲಿ ಎರಡು ಸಲ ಅದೇ ಅಂಗಡಿಯಲ್ಲಿ ಸಾಲು ನಿಲ್ಲಿಸಿದ ಕೀರ್ತಿ ನನ್ನದು.

ಸೆಪ್ಟೆಂಬರ್ 20, ಶನಿವಾರ

ಮತ್ತೆ ಗೋಣಿ, ಮತ್ತೆ ಸ್ಟೂಲು, ಮತ್ತೆ ಚಪ್ಪಲಿ. ಈ ಸಲ ನಟ್ಟು ಎಡಕ್ಕೇ ತಿರುಗಿತು. ತೋಳಿಗೆ ಎಣ್ಣೆ ಹರಿಯುವುದನ್ನು ಮಾತ್ರ ತಪ್ಪಿಸಲಾಗಲಿಲ್ಲ.

‘ಬಿಗಿ ಮಾಡುವಾಗ ಬೆರಳಲ್ಲಿ ಎಷ್ಟು ಬರುತ್ತೋ ಅಷ್ಟೂ ಬೆರಳಲ್ಲೇ ತಿರುಗಿಸು. ನಟ್ಟು ಅಡ್ಡ ಕೂತ್ರೆ ಬೆರಳಿಗೆ ಗೊತ್ತಾಗುತ್ತೆ, ಸ್ಪ್ಯಾನರ್‌ಗೆ ಗೊತ್ತಾಗಲ್ಲ.’

‘ಫಿಲ್ಟರ್?’

‘ಅದರ ರಬ್ಬರ್ ಬಳೆಗೆ ಸ್ವಲ್ಪ ಎಣ್ಣೆ ಸವರು. ಆಮೇಲೆ ಕೈಯಲ್ಲೇ. ನಿನ್ನ ಸಿಟ್ಟೆಲ್ಲ ಅದರ ಮೇಲೆ ಹಾಕ್ಬೇಡ.’

‘ನನಗೆಲ್ಲಿ ಸಿಟ್ಟು?’

‘ಬಂದ ದಿನ ಇತ್ತು.’

ಬಳೆಗೆ ಎಣ್ಣೆ ಸವರುತ್ತಾ ಕೆಳಗಿನಿಂದಲೇ ಕೇಳಿದೆ. ‘ಇದೆಲ್ಲ ನಿಮಗೆ ಯಾರು ಹೇಳಿಕೊಟ್ರು ಅತ್ತೆ?’

‘ಯಾರೂ ಇಲ್ಲ. ಮೊದಲನೇ ಸಲ ಇಂಜಿನ್ನದು ಅಂದ್ಕೊಂಡು ಗೇರ್‌ಬಾಕ್ಸ್ ಎಣ್ಣೆ ಖಾಲಿ ಮಾಡಿದೆ. ಆಮೇಲೆ ಹೊಸ ಎಣ್ಣೆನ ಇಂಜಿನ್‌ಗೆ ಸುರಿದೆ. ಇಂಜಿನ್ನಲ್ಲಿ ಎರಡರಷ್ಟು, ಗೇರ್‌ಬಾಕ್ಸಲ್ಲಿ ಸೊನ್ನೆ. ಬೀದಿ ತುಂಬ ಬಿಳಿ ಹೊಗೆ.’

‘ಮಾವ ಏನಂದ್ರು?’

‘ಗಾಡಿ ಮಾರಿದವನಿಗೆ ಒಂದು ವಾರ ಬೈದ್ರು. ಮೋಸ ಮಾಡಿದ ಅಂತ.’

‘ನೀವು ನಿಜ ಹೇಳಲಿಲ್ವಾ?’

‘ಹೇಳಿದೆ.’

‘ಯಾವಾಗ?’

‘ಎರಡು ವರ್ಷ ಬಿಟ್ಟು.’

ನಗುವಾಗ ಮತ್ತೆ ತಲೆ ಆಕ್ಸಲ್ಲಿಗೆ ಬಡಿಯಿತು. ಅತ್ತೆಯ ಚಪ್ಪಲಿಗಳೂ ಅಲ್ಲಾಡುತ್ತಿದ್ದವು.

ಹೊಸ ಎಣ್ಣೆ ಸುರಿಯುವಾಗ ಪ್ರತಿ ಡಬ್ಬವನ್ನೂ ಅವರ ಕಣ್ಣ ಮುಂದೆ ಹಿಡಿದು ತೋರಿಸಿದೆ. ‘ಸಾಕು ಬಿಡೋ, ನಾಟಕ’ ಎಂದರು. ಆದರೆ ಒಂದೊಂದನ್ನೂ ಓದಿದರು. ಚಾಲೂ ಮಾಡಿ ಮುಕ್ಕಾಲು ಗಂಟೆ ಬಿಟ್ಟೆವು. ಬಿಸಿಯಾಯಿತು. ದೀಪ ಹತ್ತಲಿಲ್ಲ. ಇಬ್ಬರೂ ಸುಮ್ಮನೆ ಹತ್ತದ ದೀಪವನ್ನು ನೋಡುತ್ತಾ ಕೂತಿದ್ದೆವು.

ಪ್ರಾಂಶುಪಾಲರ ಫೋನು ಎರಡು ಸಲ ಬಂದಿತ್ತು. ಕೈಯೆಲ್ಲ ಎಣ್ಣೆ. ಸೋಮವಾರ ಗುಡ್ಡ ಹತ್ತಿ ಬಂದ ಮೇಲೆ ಮಾಡಿದರಾಯಿತು.

ಸೆಪ್ಟೆಂಬರ್ 22, ಸೋಮವಾರ

ಹದಿಮೂರು ಪೆಟ್ಟಿಗೆ. ಸೀಟಿನ ಹಿಂದಿನ ಜಾಗ ಖಾಲಿ ಬಿಟ್ಟೆ. ಗುಡ್ಡದ ಏರಿನಲ್ಲಿ ನನ್ನ ಕಣ್ಣು ರಸ್ತೆಗಿಂತ ದೀಪದ ಮೇಲೇ ಇತ್ತು. ‘ಅದನ್ನ ನಾನು ನೋಡ್ಕೋತೀನಿ, ನೀನು ಮುಂದೆ ನೋಡು, ಚರಂಡಿ ಬರ್ತಿದೆ’ ಎಂದರು ಅತ್ತೆ. ಕೆಸರಿನ ದಾರಿ ಬಂದಾಗ ನಾಲ್ಕು ಚಕ್ರದ ಲಿವರ್ ಎಳೆಯಲು ಹೇಳಿದರು. ಎಳೆದೆ. ವೈಪರ್ ಚಾಲೂ ಆಗಲಿಲ್ಲ, ಸರಿಯಾದ ಲಿವರೇ ಆಗಿತ್ತು. ಜೀಪು ಬೈದುಕೊಳ್ಳುತ್ತಾ ಕೆಸರಿನಿಂದ ಎದ್ದು ಬಂತು. ಬಿಸಿಲು ಏರುವ ಮೊದಲೇ ಹೊಲ ಮುಟ್ಟಿದೆವು.

ಪೆಟ್ಟಿಗೆಗಳನ್ನು ಬದುವಿನ ಮೇಲೆ ಸಾಲಾಗಿ ಇಟ್ಟು ಜಾಲರಿ ತೆಗೆದೆ. ಹುಳುಗಳು ಹೊರಬಂದು ಪೆಟ್ಟಿಗೆಯ ಮುಂದೆ 8 ಅಂಕಿ ಬರೆದಂತೆ ಹಾರಿ, ಜಾಗ ಗುರುತು ಹಾಕಿಕೊಂಡು, ಹಳದಿಯೊಳಗೆ ಮಾಯವಾದವು. ಒಂದು ನನ್ನ ಮೂಗಿನ ತುದಿಗೆ ಕಚ್ಚಿತು. ಅದರ ಮೇಲೆ ನನಗೆ ಯಾವ ದೂರೂ ಇಲ್ಲ.

ಹೊಲದವನು ಗಟ್ಟಿಮುಟ್ಟಾದ, ಮಾತು ಕಡಿಮೆಯ ಮನುಷ್ಯ. ಒಂದು ವಾರ ತಡವಾಯಿತೆಂದು ಮುಖ ಊದಿಸಿಕೊಂಡಿದ್ದ. ‘ಯಾಕಮ್ಮ ಇಷ್ಟು ಲೇಟು?’ ಎಂದ. ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ, ‘ಎಣ್ಣೆ ತಪ್ಪಾಗಿತ್ತು. ಸರಿ ಮಾಡ್ಕೊಂಡ್ವಿ’ ಎಂದರು. ಯಾರು ಎಂದು ಹೇಳಲಿಲ್ಲ.

‘ಇವರು?’

‘ನಮ್ಮ ಅಳಿಯ. ಕಾಲೇಜಲ್ಲಿ ಮೇಷ್ಟ್ರು. ಎಣ್ಣೆ ಇವನೇ ಬದಲಾಯಿಸಿದ್ದು.’

ಹೊಲದವನ ಮುಖ ಸಡಿಲವಾಯಿತು. ನನ್ನನ್ನು ಕೊಟ್ಟಿಗೆಯ ಪಕ್ಕಕ್ಕೆ ಕರೆದುಕೊಂಡು ಹೋದ. ಅಲ್ಲೊಂದು ಟ್ರ್ಯಾಕ್ಟರ್ ಇತ್ತು. ಹೋದ ತಿಂಗಳು ಯಾರದೋ ಕೈಯಿಂದ ಕೊಂಡದ್ದಂತೆ. ಪುಸ್ತಕ ಇಲ್ಲ, ಮಾರಿದವನು ಫೋನ್ ಎತ್ತುವುದಿಲ್ಲ.

‘ಸಾರ್, ಇದಕ್ಕೆ ಯಾವ ಎಣ್ಣೆ ಹಾಕ್ಬೇಕು?’

ಈ ವರ್ಷ ನನ್ನನ್ನು ಯಾರಾದರೂ ನನ್ನ ವಿಷಯದಲ್ಲಿ ಪ್ರಶ್ನೆ ಕೇಳಿದ್ದು ಇದೇ ಮೊದಲು. ಇಂಥ ಅವಕಾಶಕ್ಕೆ ಎಷ್ಟು ಕಾದಿದ್ದೆ! ಅದನ್ನು ಹೇಗೆ ಹಾಳು ಮಾಡಿಕೊಂಡೆ ಎಂದರೆ, ‘ನನಗೆ ಗೊತ್ತಿಲ್ಲ’ ಎಂದುಬಿಟ್ಟೆ. ಅವನಿಗೆ ನಿರಾಸೆಯಾದದ್ದು ಕಂಡಿತು. ‘ಗೊತ್ತಿಲ್ಲ, ಆದ್ರೆ ನೋಡೋಣ. ಇಂಜಿನ್ ಮೇಲೆ ಎಲ್ಲಾದ್ರೂ ತಗಡಿನ ಪಟ್ಟಿ ಇರುತ್ತೆ. ಈಗ ಒಳಗಿರೋ ಎಣ್ಣೆ ಎಷ್ಟು ಮಂದ ಇದೆ ಅಂತಾನೂ ನೋಡಬಹುದು. ಹಾಸೋಕೆ ಏನಾದ್ರೂ ಇದೆಯಾ?’

ಅವನು ಹರಿದ ಚಾಪೆ ತಂದ. ನಾನು ಮಲಗಿ ಒಳಗೆ ಜಾರಿದೆ. ಅವನೂ ಬಂದು ಪಕ್ಕದಲ್ಲಿ ಮಲಗಿದ. ಅಲ್ಲಿ ನಟ್ಟುಗಳು ಎರಡು ಇದ್ದವು, ಒಂದೇ ಅಳತೆ, ಒಂದೇ ಆಕಾರ; ಯಾವುದು ಇಂಜಿನ್ನದು, ಯಾವುದು ಗೇರ್‌ಬಾಕ್ಸಿನದು ಎಂದು ಹೇಳುವಂತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಅವನ್ನೇ ನೋಡಿದೆವು.

ಅತ್ತೆಯ ಚಪ್ಪಲಿಗಳು ನಿಧಾನವಾಗಿ ಬಂದು ಚಕ್ರದ ಪಕ್ಕ ನಿಂತವು.

‘ನಿಮ್ಮಿಬ್ರಲ್ಲಿ ಇದು ಯಾರಿಗೆ ಗೊತ್ತು?’

‘ಇಬ್ರಿಗೂ ಗೊತ್ತಿಲ್ಲ ಅತ್ತೆ’ ಎಂದೆ.

‘ಸರಿ ಹಾಗಾದ್ರೆ’ ಎಂದರು ಅತ್ತೆ, ಕೂರಲು ಏನನ್ನೋ ಎಳೆದುಕೊಳ್ಳುತ್ತಾ. ‘ಶುರು ಮಾಡಿ.’